ಹತ್ತು ಪಟ್ಟು ಉಳಿತಾಯ: ಒಂದು ಪೇಪರಿನ ಪ್ರಕರಣ

ಮಿದುಳಿನ ಮಾದರಿಯ ಕಂಪ್ಯೂಟಿಂಗಿನಿಂದ ಹತ್ತು ಪಟ್ಟು ಕರೆಂಟ್ ಉಳಿಯುತ್ತದೆ ಅಂತ ನಾವು ಬರೆದ ಪೇಪರಿನ ರಿವ್ಯೂ ಬಂದಿದ್ದು ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಎರಡೂವರೆಗೆ. ಕಲಬುರಗಿಯಲ್ಲಿ ಆ ಹೊತ್ತಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಲ್ಯಾಬಿನ ಶಹಾಬಾದ್ ಕಲ್ಲಿನ ನೆಲ ಕೂಡ ಬಿಸಿಯಾಗಿತ್ತು. ಕರೆಂಟ್ ಹೋಗಿ ಅರ್ಧ ಗಂಟೆಯಾಗಿತ್ತು, ಯುಪಿಎಸ್ ಕುಂಯ್ ಕುಂಯ್ ಅನ್ನುತ್ತಿತ್ತು. ಮೊಬೈಲಿನಲ್ಲೇ ಇಮೇಲ್ ತೆರೆದು ಓದಿದೆ. ಮೊದಲ ರಿವ್ಯೂವರ್ ಹೊಗಳಿದ್ದರು. ಮೂರನೆಯವರು ಸ್ಪೆಲ್ಲಿಂಗ್ ತಿದ್ದಿದ್ದರು. ಎರಡನೆಯವರು ಕೇಳಿದ್ದು ಎರಡೇ ಪ್ರಶ್ನೆ. ಮೆಮೊರಿಯಿಂದ ಡೇಟಾ ತರುವ ಖರ್ಚನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಯಾವುದಾದರೂ ಹಾರ್ಡ್‌ವೇರ್ ಮೇಲೆ ಅಳೆದು ನೋಡಿದ್ದೀರಾ?

ಎರಡಕ್ಕೂ ಉತ್ತರ ಒಂದೇ. ಇಲ್ಲ.

ಇದು ಆ ಎರಡು ಪ್ರಶ್ನೆಗಳ ಹಿಂದೆ ಮುಂದೆ ನಡೆದದ್ದರ ವರದಿ. ಮಿದುಳಿನ ಮಾದರಿಯ, ಕಡಿಮೆ ಕರೆಂಟಿನ ಕಂಪ್ಯೂಟಿಂಗನ್ನೇ ವೃತ್ತಿ ಮಾಡಿಕೊಂಡ ಒಬ್ಬ ಅಸಿಸ್ಟೆಂಟ್ ಪ್ರೊಫೆಸರನ ಪ್ರಕರಣ. ಆ ಪ್ರೊಫೆಸರ್ ನಾನೇ. ಹಾಗಾಗಿ ಕಥೆ ನನ್ನ ಕಡೆಗೆ ಸ್ವಲ್ಪ ವಾಲಿರುತ್ತದೆ, ನೋಡಿಕೊಂಡು ಓದಿ.

ಇಪ್ಪತ್ತು ವ್ಯಾಟ್

ನಾನು ಚಿತ್ತಾಪುರ ತಾಲೂಕಿನವನು. ಮನೆಯಲ್ಲಿ ತೊಗರಿ, ಜೋಳ ಬೆಳೆಯುತ್ತಾರೆ. ಕಲಬುರಗಿಯಲ್ಲಿ ಬಿಇ ಮುಗಿಸಿ ಎಂಟೆಕ್, ಪಿಎಚ್‌ಡಿಗೆ ಬೆಂಗಳೂರಿಗೆ ಹೋದೆ. ಈ ವಿಷಯ ನನ್ನನ್ನು ಹಿಡಿದಿದ್ದು ಒಂದು ಅಂಕಿಯಿಂದ. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ, ಅಂದರೆ ನ್ಯೂರಾನ್‌ಗಳಿವೆ. ಅಷ್ಟೂ ಸೇರಿ ನಡೆಯುವುದು ಹೆಚ್ಚೂಕಡಿಮೆ 20 ವ್ಯಾಟ್ ಮೇಲೆ. ನಮ್ಮ ಪಡಸಾಲೆಯ ಹಳೇ ಟ್ಯೂಬ್‌ಲೈಟೇ 40 ವ್ಯಾಟ್ ಎಳೆಯುತ್ತಿತ್ತು. ಅದರ ಕೆಳಗೆ ಕೂತು ಓದಿದವನಿಗೆ ಈ ಲೆಕ್ಕ ತಲೆಯಿಂದ ಹೋಗಲೇ ಇಲ್ಲ.

ಕಂಪ್ಯೂಟರಿಗೆ ಯಾಕೆ ಅಷ್ಟು ಜಾಸ್ತಿ ಬೇಕು? 1945ರಲ್ಲಿ ಫಾನ್ ನಾಯ್ಮನ್ ಬರೆದಿಟ್ಟ ನಕ್ಷೆಯೇ ಇಂದಿಗೂ ನಡೆಯುತ್ತಿದೆ. ಲೆಕ್ಕ ಮಾಡುವ ಜಾಗ ಒಂದು ಕಡೆ, ನೆನಪಿಡುವ ಜಾಗ ಇನ್ನೊಂದು ಕಡೆ. ಇದನ್ನು ನಮ್ಮೂರಲ್ಲಿ ದಾಲ್ ಮಿಲ್ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಗೋದಾಮು ಶಹಾಬಾದಿನಲ್ಲಿ, ಮಿಲ್ಲು ಕಪನೂರಿನಲ್ಲಿ. ಒಂದೊಂದೇ ಕಾಳನ್ನು ಟೆಂಪೋದಲ್ಲಿ ತಂದು, ಒಡೆದು, ಬೇಳೆಯನ್ನು ಮತ್ತೆ ಟೆಂಪೋದಲ್ಲಿ ವಾಪಸ್ ಕಳಿಸಿದರೆ ಮಿಲ್ಲಿನ ಕರೆಂಟ್ ಬಿಲ್ ಯಾರು ಕೇಳುತ್ತಾರೆ? ಡೀಸೆಲ್‌ನಲ್ಲೇ ಸೇಠು ದಿವಾಳಿ. 2014ರಲ್ಲಿ ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೋವಿಟ್ಜ್ ಈ ಡೀಸೆಲ್ ಲೆಕ್ಕ ಕೊಟ್ಟರು. 45 ನ್ಯಾನೋಮೀಟರ್ ಚಿಪ್ಪಿನಲ್ಲಿ ಎರಡು 32 ಬಿಟ್ ದಶಮಾಂಶ ಸಂಖ್ಯೆ ಕೂಡಿಸಲು 0.9 ಪಿಕೋಜೂಲ್ ಸಾಕು. ಅಷ್ಟೇ ದೊಡ್ಡ ಸಂಖ್ಯೆಯನ್ನು ಚಿಪ್ಪಿನ ಹೊರಗಿನ ಮೆಮೊರಿಯಾದ ಡಿರ‍್ಯಾಮ್‌ನಿಂದ ಓದಿ ತರಲು ಸುಮಾರು 640. ಪಿಕೋಜೂಲ್ ಅಂದರೆ ಒಂದು ಜೂಲಿನ ಲಕ್ಷ ಕೋಟಿಯ ಒಂದು ಪಾಲು, ಬಿಡಿ. ನೋಡಬೇಕಾದ್ದು ಅದು 700 ಪಟ್ಟು ಅನ್ನುವುದನ್ನು.

ಮಿದುಳಿನಲ್ಲಿ ಟೆಂಪೋ ಇಲ್ಲ. ನೆನಪು ಇರುವುದು ಎರಡು ನ್ಯೂರಾನ್‌ಗಳು ಸೇರುವ ಜಾಗದಲ್ಲಿ, ಅಂದರೆ ಸಿನಾಪ್ಸ್‌ನಲ್ಲಿ, ಲೆಕ್ಕ ನಡೆಯುವುದೂ ಅಲ್ಲೇ. ಇನ್ನೊಂದು ಮಾತು. ನ್ಯೂರಾನ್ ಸುಮ್ನೆ ಮಾತಾಡುವುದಿಲ್ಲ. ಒಳಗೆ ಬಂದದ್ದು ಒಂದು ಮಟ್ಟ ದಾಟಿದಾಗ ಮಾತ್ರ ಒಂದು ಸ್ಪೈಕ್ ಬಿಡುತ್ತದೆ, ಮತ್ತೆ ತೆಪ್ಪಗೆ ಕೂರುತ್ತದೆ. ಕ್ಯಾಲ್‌ಟೆಕ್‌ನ ಕಾರ್ವರ್ ಮೀಡ್ 80ರ ದಶಕದ ಕೊನೆಯಲ್ಲಿ ಇದನ್ನೇ ಸಿಲಿಕಾನ್‌ನಲ್ಲಿ ಮಾಡೋಣ ಅಂತ ಹೊರಟರು, ನ್ಯೂರೋಮಾರ್ಫಿಕ್ ಅಂತ ಹೆಸರಿಟ್ಟರು. ಅವರ ಶಿಷ್ಯೆ ಮಿಶಾ ಮಹೋವಾಲ್ಡ್ ಸಿಲಿಕಾನ್ ಅಕ್ಷಿಪಟಲ ಮಾಡಿದರು. ಕಣ್ಣಿನ ಹಿಂದಿನ ಪರದೆಯ ಹಾಗೆ ಕೆಲಸ ಮಾಡುವ ಚಿಪ್ ಅದು. ನಾನು ಪಿಎಚ್‌ಡಿಗೆ ಸೇರುವ ಹೊತ್ತಿಗೆ ಐಬಿಎಂನ ಟ್ರೂನಾರ್ತ್ ಬಂದಿತ್ತು. 2014ರ ಚಿಪ್ಪದು. ಹತ್ತು ಲಕ್ಷ ನ್ಯೂರಾನ್, 25.6 ಕೋಟಿ ಸಿನಾಪ್ಸ್, ಎಳೆಯುವ ಕರೆಂಟು ಸುಮಾರು 70 ಮಿಲಿವ್ಯಾಟ್. ಇನ್ನೇನು ಬೇಕು ಅನಿಸಿತ್ತು.

ಥೀಸಿಸ್ ಕೊಟ್ಟ ವರ್ಷವೇ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಹೋದವು. 20 ವ್ಯಾಟಿನ ಯಂತ್ರದಲ್ಲಿ ಒಂದು ಸಣ್ಣ ನಾಳ ಕಟ್ಟಿಕೊಂಡರೆ ಏನಾಗುತ್ತದೆ ಅಂತ ಮನೆಯಲ್ಲೇ ನೋಡಿದೆ. ವಾಪಸ್ ಬಂದೆ. ಕಲಬುರಗಿಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಈ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟ್ ನೆರವಾಯಿತು ಅನ್ನುವುದನ್ನು ಮುಚ್ಚಿಡುವುದೇನಿಲ್ಲ.

ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ಪರೀಕ್ಷೆ, ಇನ್‌ಸ್ಪೆಕ್ಷನ್ ಫೈಲು, ಅಡ್ಮಿಷನ್ ಡ್ಯೂಟಿ. ಈ ಕ್ಷೇತ್ರದ ಚಿಪ್‌ಗಳು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇಂಟೆಲ್‌ನ ಲೋಯಿಹಿ ಬೇಕೆಂದರೆ ಅವರ ಸಂಶೋಧಕರ ಕೂಟಕ್ಕೆ ಸೇರಿ ದೂರದಿಂದ ಬಳಸಬೇಕಿತ್ತು. ನಮ್ಮ ಲ್ಯಾಬಿನಲ್ಲಿ ಇದ್ದದ್ದು 170 ವ್ಯಾಟ್ ಎಳೆಯುವ ಒಂದು ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡ್. ಕರೆಂಟ್ ಉಳಿಸುವ ಮಿದುಳನ್ನು ನಾವು ಎಂಟು ಮಿದುಳಿನಷ್ಟು ಕರೆಂಟ್ ಸುಟ್ಟು ಸಿಮ್ಯುಲೇಟ್ ಮಾಡುತ್ತಿದ್ದೆವು. ಈ ಕ್ಷೇತ್ರದ ಅರ್ಧಕ್ಕರ್ಧ ಪೇಪರುಗಳ ಕಥೆ ಇದೇ ಇರಬೇಕು ಅಂತ ನನ್ನ ಅಂದಾಜು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಹತ್ತು ಪಟ್ಟು ಬಂದಿದ್ದು ಹೀಗೆ

ನನ್ನ ಮೊದಲ ಪಿಎಚ್‌ಡಿ ವಿದ್ಯಾರ್ಥಿನಿ ಬೀದರ ಜಿಲ್ಲೆಯ ಔರಾದ ಕಡೆಯವಳು. ಲೆಕ್ಕದಲ್ಲಿ ಗಟ್ಟಿ, ಮಾತಿನಲ್ಲಿ ಇನ್ನೂ ಗಟ್ಟಿ. ನಾವು ಕನ್ನಡ ಅಂಕಿಗಳನ್ನು ಆರಿಸಿಕೊಂಡೆವು. 2019ರಲ್ಲಿ ಹೊರಬಂದ ಕನ್ನಡ ಎಂನಿಸ್ಟ್ ಅನ್ನುವ ಡೇಟಾಸೆಟ್ ಇದೆ. ಕೈಯಲ್ಲಿ ಬರೆದ ೦ಯಿಂದ ೯ರ ತನಕದ ಚಿತ್ರಗಳು, ಕಲಿಸಲು 60,000, ಪರೀಕ್ಷೆಗೆ 10,000. ೬ ಮತ್ತು ೭ ನೋಡಿದರೆ ಮನುಷ್ಯರೇ ಒಮ್ಮೊಮ್ಮೆ ತಬ್ಬಿಬ್ಬಾಗುತ್ತಾರೆ. ಅದಕ್ಕೆ ಸ್ಪೈಕ್ ಬಿಡುವ ಕೃತಕ ನ್ಯೂರಾನ್ ಜಾಲ, ಒಂದು ಸ್ಪೈಕಿಂಗ್ ನೆಟ್‌ವರ್ಕ್ ಕಟ್ಟಿದೆವು. ಚೆನ್ನಾಗಿಯೇ ಗುರುತಿಸಿತು.

ಆಮೇಲೆ ಎನರ್ಜಿ ಲೆಕ್ಕ. ಈ ಕ್ಷೇತ್ರದಲ್ಲಿ ಎಲ್ಲರೂ ಮಾಡುವ ಲೆಕ್ಕವೇ. ಸಾಮಾನ್ಯ ನೆಟ್‌ವರ್ಕ್‌ನಲ್ಲಿ ನ್ಯೂರಾನ್ ನಡುವಿನ ಒಂದೊಂದು ಕೊಂಡಿಗೂ ಒಂದು ಗುಣಾಕಾರ, ಒಂದು ಕೂಡಿಕೆ. ಹೊರೋವಿಟ್ಜ್ ಪಟ್ಟಿಯ ಪ್ರಕಾರ 3.7 ಮತ್ತು 0.9, ಒಟ್ಟು 4.6 ಪಿಕೋಜೂಲ್. ಸ್ಪೈಕಿಂಗ್ ನೆಟ್‌ವರ್ಕ್‌ನಲ್ಲಿ ಸ್ಪೈಕ್ ಅಂದರೆ ಒಂದು ಅಥವಾ ಸೊನ್ನೆ. ಗುಣಿಸುವುದೇ ಬೇಡ, ಬಂದಾಗ ಕೂಡಿಸಿದರೆ ಸಾಕು, 0.9. ನಮ್ಮ ನೆಟ್‌ವರ್ಕ್ ಒಂದು ಚಿತ್ರವನ್ನು ಹತ್ತು ಹೆಜ್ಜೆಯಲ್ಲಿ ನೋಡುತ್ತಿತ್ತು. ಹೆಜ್ಜೆಗೆ ನೂರರಲ್ಲಿ ಐದು ನ್ಯೂರಾನ್ ಮಾತ್ರ ಸ್ಪೈಕ್ ಬಿಡುತ್ತಿದ್ದವು. ಅಂದರೆ ಹತ್ತು ಹೆಜ್ಜೆಗೆ ಒಂದು ಕೊಂಡಿಯ ಮೇಲೆ ಸರಾಸರಿ ಅರ್ಧ ಸ್ಪೈಕ್. ಅರ್ಧ ಗುಣಿಸು 0.9, 0.45. ಆ ಕಡೆ 4.6, ಈ ಕಡೆ 0.45. ಹತ್ತು ಪಟ್ಟು.

ಅದನ್ನೇ ಪೇಪರಿನ ಹೆಸರಿನಲ್ಲಿ ಹಾಕಿದೆವು. ನನ್ನ ಪ್ರಮೋಷನ್ ಫೈಲಿನಲ್ಲೂ ಆ ಪೇಪರ್ ‘ಪ್ರಕಟಣೆಯ ಹಂತದಲ್ಲಿ’ ಅಂತ ಸೇರಿತು. ಕಾಲೇಜಿನ ಗೋಡೆಯ ಬ್ಯಾನರಿನಲ್ಲಿ ‘ಹತ್ತು ಪಟ್ಟು ವಿದ್ಯುತ್ ಉಳಿತಾಯ’ ಅಂತ ದಪ್ಪ ಅಕ್ಷರದಲ್ಲಿ ಬಂತು. ಅದು ಹೇಗೆ ಅಲ್ಲಿಗೆ ಹೋಯಿತು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಲೆಕ್ಕ ಬಿಚ್ಚಿದ ಸಂಜೆ

ಕರೆಂಟ್ ಬಂದ ಮೇಲೆ ಇಬ್ಬರೂ ಬೋರ್ಡಿನ ಮುಂದೆ ನಿಂತೆವು. ರಿವ್ಯೂವರ್ ಕೇಳಿದ್ದನ್ನು ಸೇರಿಸಿ ನೋಡೋಣ ಅಂದೆ. ಹೊರಗಿನ ಡಿರ‍್ಯಾಮ್ ಬೇಡ, ಚಿಪ್ಪಿನ ಒಳಗಿನ ಚಿಕ್ಕ ಮೆಮೊರಿಯನ್ನೇ ಹಿಡಿಯೋಣ. ಅಲ್ಲಿಂದ 32 ಬಿಟ್ ಓದಲು ಸುಮಾರು 5 ಪಿಕೋಜೂಲ್. ಸಾಮಾನ್ಯ ನೆಟ್‌ವರ್ಕ್‌ಗೆ 4.6 ಜೊತೆ 5 ಸೇರಿ 9.6. ನಮ್ಮದಕ್ಕೆ ಒಂದೊಂದು ಸ್ಪೈಕಿಗೂ ಒಂದು ವೇಯ್ಟ್, ಅಂದರೆ ಆ ಕೊಂಡಿಯ ಬಲದ ಅಂಕಿ, ಓದಬೇಕು. 0.9 ಮತ್ತು 5, ಅದರ ಅರ್ಧ, 2.95. ಹತ್ತು ಪಟ್ಟು ಹೋಗಿ ಮೂರು ಪಟ್ಟು ಚಿಲ್ಲರೆ ಉಳಿಯಿತು.

ಮೂರಾದರೂ ಉಳಿಯಿತಲ್ಲ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಅವಳು ಚಾಕ್ ತಗೊಂಡಳು.

“ಸರ್, ನ್ಯೂರಾನ್ ತನ್ನ ಲೆವೆಲ್ ನೆನಪಿಟ್ಕೋಬೇಕಲ್ರಿ? ಅದೂ ಮೆಮೊರ‍್ಯಾಗೇ ಅದ.”

ಖರೇ. ಸ್ಪೈಕಿಂಗ್ ನ್ಯೂರಾನ್ ಒಂದು ಕೊಡದ ಹಾಗೆ. ಹನಿ ಹನಿ ತುಂಬುತ್ತಾ ಹೋಗುತ್ತದೆ, ಸ್ವಲ್ಪ ಸೋರುತ್ತದೆ, ತುಂಬಿದಾಗ ಚೆಲ್ಲುತ್ತದೆ. ಕೊಡದಲ್ಲಿ ಈಗ ಎಷ್ಟಿದೆ ಅನ್ನುವುದನ್ನು ಪ್ರತಿ ಹೆಜ್ಜೆಗೂ ಓದಬೇಕು, ಮತ್ತೆ ಬರೆಯಬೇಕು. ಓದಲು 5, ಬರೆಯಲು 5, ಹತ್ತು ಹೆಜ್ಜೆಗೆ 100 ಪಿಕೋಜೂಲ್, ಒಂದೊಂದು ನ್ಯೂರಾನಿಗೆ. ನೂರಾರು ಕೊಂಡಿ ಇರುವ ನ್ಯೂರಾನ್ ಆದರೆ ಈ ನೂರು ಹಂಚಿ ಹೋಗುತ್ತದೆ. ಆದರೆ ನಮ್ಮ ಮೊದಲ ಪದರದಲ್ಲಿ ಒಂದು ನ್ಯೂರಾನ್ ನೋಡುವುದು ಚಿತ್ರದ ಮೂರು ಅಡ್ಡ, ಮೂರು ಉದ್ದ ಚುಕ್ಕೆಗಳನ್ನು, ಅಂದರೆ ಒಂಬತ್ತೇ ಕೊಂಡಿ. ಕೊಂಡಿಗೆ 11 ಹೆಚ್ಚುವರಿ ಬಿತ್ತು. 2.95 ಇದ್ದದ್ದು 14 ಆಯಿತು. ಸಾಮಾನ್ಯ ನೆಟ್‌ವರ್ಕ್ 9.6ರಲ್ಲೇ ನಿಂತಿತ್ತು. ಅಲ್ಲಿ ನಾವು ಉಳಿಸುತ್ತಿರಲಿಲ್ಲ, ಜಾಸ್ತಿ ಖರ್ಚು ಮಾಡುತ್ತಿದ್ದೆವು.

ಅವಳು ಇನ್ನೂ ಒಂದು ಸಾಲು ಬರೆದಳು. 8 ಬಿಟ್ ಪೂರ್ಣಾಂಕದಲ್ಲಿ ಮಾಡಿದರೆ ಗುಣಾಕಾರಕ್ಕೆ 0.2, ಕೂಡಿಕೆಗೆ 0.03. ಎರಡೂ ಸೇರಿ 0.23. ನಾವು ‘ಗುಣಾಕಾರವೇ ಬೇಡ’ ಅಂತ ಬೀಗಿದ ನಮ್ಮ ಕೂಡಿಕೆ 0.9. ಇವತ್ತು ಚಿಕ್ಕ ಚಿಪ್ಪಿಗೆ ಹಾಕುವ ಸಾಮಾನ್ಯ ನೆಟ್‌ವರ್ಕ್ ಬಹುಪಾಲು 8 ಬಿಟ್ ಆಗಿರುತ್ತದೆ. ನಾವು ಹೋಲಿಸಿಕೊಂಡಿದ್ದು 32 ಬಿಟ್ ಜೊತೆ. ಕುಂಟನ ಜೊತೆ ಓಡಿ ಗೆದ್ದ ಹಾಗೆ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. 0.9 ಅನ್ನುವ ಅಂಕಿ ತಗೊಂಡ ಪಟ್ಟಿಯಲ್ಲೇ ಕೆಳಗೆ 640 ಇತ್ತು. ನನ್ನ ಥೀಸಿಸ್ಸಿನ ಮೊದಲ ಪುಟದಲ್ಲಿ ಆ 640 ನಾನೇ ಬರೆದಿದ್ದೆ. ಟೆಂಪೋ ಖರ್ಚು ಜಾಸ್ತಿ ಅಂತಲೇ ಈ ಕ್ಷೇತ್ರ ಹುಟ್ಟಿದ್ದು. ಲೆಕ್ಕ ಹಾಕುವಾಗ ಟೆಂಪೋವನ್ನೇ ಬಿಟ್ಟಿದ್ದೆ.

ಅಳೆದು ನೋಡಿದ್ದು

ಎರಡನೆಯ ಪ್ರಶ್ನೆಗೆ ಒಂದು ಸಾಮಾನ್ಯ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಬೋರ್ಡ್ ತಂದೆವು. ಎರಡೂ ನೆಟ್‌ವರ್ಕ್‌ಗಳನ್ನು ಕುಗ್ಗಿಸಿ ಅದರಲ್ಲಿ ಕೂರಿಸಿದೆವು. ಮಧ್ಯೆ ಒಂದು ಕರೆಂಟ್ ಮೀಟರ್. ಬೋರ್ಡ್ ಎಳೆಯುವ ಕರೆಂಟು ಎರಡಕ್ಕೂ ಹೆಚ್ಚೂಕಡಿಮೆ ಒಂದೇ ಬಂತು. ಪ್ರೊಸೆಸರಿಗೆ ಸ್ಪೈಕ್ ಬಂದರೂ ಒಂದೇ, ಬರದಿದ್ದರೂ ಒಂದೇ. ಬಂದಿದೆಯಾ ಅಂತ ಹೋಗಿ ನೋಡುವ ಕೆಲಸ ತಪ್ಪುವುದಿಲ್ಲ. ಹಾಗಾಗಿ ಯಾವುದು ಬೇಗ ಮುಗಿಸುತ್ತದೋ ಅದೇ ಅಗ್ಗ. ಹತ್ತು ಹೆಜ್ಜೆ ಹಾಕುವ ನಮ್ಮದು ಮೂರೂವರೆ ಪಟ್ಟು ಜಾಸ್ತಿ ಹೊತ್ತು ತಗೊಂಡಿತು. ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಅಳೆದೆವು. ಬಿಸಿಲಿಗೆ ಮೀಟರ್ ಕೆಟ್ಟಿರಬಹುದು ಅಂತ ಆಸೆಯಿಂದ ಬೆಳಗಿನ ಆರು ಗಂಟೆಗೂ ಬಂದು ಅಳೆದೆ. ಅದೇ ಬಂತು.

ಲೋಯಿಹಿಯಂಥ ಚಿಪ್ಪಿನ ಮೇಲೆ ಇದೇ ನೆಟ್‌ವರ್ಕ್ ಹಾಕಿದರೆ ಫಲಿತಾಂಶ ಬೇರೆ ಬರಬಹುದು. ಅಲ್ಲಿ ಮೆಮೊರಿ ನ್ಯೂರಾನ್ ಪಕ್ಕದಲ್ಲೇ ಇರುತ್ತದೆ, ಸ್ಪೈಕ್ ಬಾರದ ಭಾಗ ನಿಜಕ್ಕೂ ಸುಮ್ಮನಿರುತ್ತದೆ. ಆದರೆ ನಮ್ಮ ಪೇಪರ್ ಆ ಚಿಪ್ಪಿನ ಬಗ್ಗೆ ಇರಲಿಲ್ಲ. ಯಾವ ಚಿಪ್ಪಿನ ಬಗ್ಗೆಯೂ ಇರಲಿಲ್ಲ.

ತಿದ್ದಲು 45 ದಿನ ಕೊಟ್ಟಿದ್ದರು. ಒಬ್ಬ ಹಿರಿಯ ಸಹೋದ್ಯೋಗಿ ಚಹಾ ಕುಡಿಯುತ್ತಾ ಬುದ್ಧಿ ಹೇಳಿದರು. “ಏನ್ ತಲೀ ಕೆಡಿಸ್ಕೋತೀರಿ ಸರ್. ಮೆಮೊರಿ ಲೆಕ್ಕ ಮುಂದಿನ ಪೇಪರ‍್ನ್ಯಾಗ ಮಾಡ್ತೀವಿ ಅಂತ ಒಂದ್ ಲೈನ್ ಬರೀರಿ. ಎಲ್ಲಾರೂ ಹಂಗೇ ಮಾಡ್ತಾರ.” ಅವರು ಹೇಳಿದ್ದು ಸುಳ್ಳಲ್ಲ. ಹಾಗೆ ಬರೆದ ಪೇಪರುಗಳನ್ನು ನಾನೇ ಉಲ್ಲೇಖ ಮಾಡಿದ್ದೇನೆ. ಎರಡು ರಾತ್ರಿ ಆ ಒಂದು ಲೈನನ್ನು ಬರೆದು ಅಳಿಸಿದೆ.

ನನ್ನ ಪ್ರಮೋಷನ್ ಒಂದು ವರ್ಷ ತಡವಾದರೆ ಮನೆ ಬೀಳುವುದಿಲ್ಲ. ಚಿಂತೆ ಇದ್ದದ್ದು ಅವಳದು. ಯುಜಿಸಿಯ 2022ರ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಪೇಪರ್ ಕಡ್ಡಾಯ ಅಂತ ಇಲ್ಲ. ಆದರೆ ಕೆಲಸಕ್ಕೆ ಅರ್ಜಿ ಹಾಕುವಾಗ ಮೊದಲು ಕೇಳುವುದು ಪೇಪರ್ ಎಷ್ಟು ಅಂತಲೇ. ಮನೆಯಲ್ಲಿ ಅವಳ ಮದುವೆ ಮಾತು ನಡೆದಿತ್ತು. ಓದು ಮುಗಿಯುವ ತನಕ ತಡೆಯಿರಿ ಅಂತ ಅವಳೇ ಅಪ್ಪನನ್ನು ಒಪ್ಪಿಸಿದ್ದಳು. ಕರೆದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ವೈವಾದಾಗ ಇದೇ ಕ್ವಶ್ಚನ್ ಕೇಳಿದ್ರ ಏನ್ ಹೇಳ್ಲಿರಿ ನಾ?” ಅಂದಳು.

ಪೇಪರಿನ ಹೆಸರು ಬದಲಿಸಿದೆವು. ಹತ್ತು ಪಟ್ಟು ತೆಗೆದೆವು. ಯಾವ ಪದರದಲ್ಲಿ ಗೆಲ್ಲುತ್ತೇವೆ, ಯಾವ ಪದರದಲ್ಲಿ ಸೋಲುತ್ತೇವೆ ಅಂತ ಪಟ್ಟಿ ಹಾಕಿ, ಬೋರ್ಡಿನ ಅಳತೆಯನ್ನೂ ಇಟ್ಟು ಕಳಿಸಿದೆವು. ಎರಡು ತಿಂಗಳಿಗೆ ಉತ್ತರ ಬಂತು. ತಿರಸ್ಕೃತ. ಎರಡನೆಯ ರಿವ್ಯೂವರ್ ಒಪ್ಪಿದ್ದರು, ಚೆನ್ನಾಗಿದೆ ಅಂದಿದ್ದರು. ಹಿಂದೆ ಹೊಗಳಿದ್ದ ಮೊದಲನೆಯವರು, ಈಗ ಇದರಲ್ಲಿ ಹೊಸದೇನಿದೆ ಅಂತ ಕೇಳಿದ್ದರು.

ಅವ್ವನ ಚೀಲ

ಆ ವಾರ ಊರಿಗೆ ಹೋಗಿದ್ದೆ. ಮೂಲೆಯಲ್ಲಿ ಬಿತ್ತನೆಗೆ ಅಂತ ಇಟ್ಟ ತೊಗರಿ ಚೀಲ ಇತ್ತು. ಅವ್ವ ಬಾಯಿ ಬಿಚ್ಚಿ ಮೊಣಕೈ ತನಕ ಕೈ ಇಳಿಸಿದಳು. ಹೊರಗೆ ತೆಗೆದು ಬೆರಳು ಉಜ್ಜಿ ನೋಡಿದಳು. ತೆಳ್ಳಗೆ ಹಿಟ್ಟು ಹತ್ತಿತ್ತು. “ನುಸಿ ಹತ್ತ್ಯಾವ. ಒಳಗ ಬೆಚ್ಚಗ ಅದ ನೋಡು,” ಅಂದಳು. ಕಾಳು ಮೇಲೆ ನೋಡಲು ನೆಟ್ಟಗೇ ಇತ್ತು. ಅಲ್ಲಲ್ಲಿ ಬಿಳಿ ಚುಕ್ಕೆ, ಅಷ್ಟೇ. ಆ ಚುಕ್ಕೆಗಳೇ ಮೊಟ್ಟೆ. ಮರಿ ಹುಳ ಕಾಳಿನ ಒಳಗೆ ಹೊಕ್ಕು ಒಳಗೇ ತಿಂದು ಬೆಳೆಯುತ್ತದೆ. ಗುಂಡಗೆ ತೂತು ಕಾಣುವ ಹೊತ್ತಿಗೆ ಅದು ರೆಕ್ಕೆ ಬಂದು ಹೊರಟಿರುತ್ತದೆ. ಅಷ್ಟರಲ್ಲಿ ಪಕ್ಕದ ಚೀಲವೂ ಹೋಗಿರುತ್ತದೆ.

ನಾನು ಸುಮ್ನೆ ಚೀಲಕ್ಕೆ ಕಿವಿ ಇಟ್ಟೆ. ಅವ್ವ ನಕ್ಕಳು. ಏನೂ ಕೇಳಿಸಲಿಲ್ಲ, ಆದರೆ ಕಾಳು ತಿನ್ನುವ ಹುಳ ಚಿಟ್ ಚಿಟ್ ಅಂತ ಸಣ್ಣ ಸದ್ದು ಮಾಡುತ್ತದೆ, ಸರಿಯಾದ ಸೆನ್ಸರ್ ಇಟ್ಟರೆ ಸಿಗುತ್ತದೆ ಅಂತ ಓದಿದ್ದೆ. ಹುಳದ ಸದ್ದು ಹಿಡಿಯುವ ಕೆಲಸ ಹೊಸದಲ್ಲ. ನನಗೆ ಹೊಳೆದದ್ದು ಆ ಸದ್ದಿನ ಸ್ವಭಾವ. ಗಂಟೆಗಟ್ಟಲೆ ಏನೂ ಇಲ್ಲ. ಮಧ್ಯೆ ಒಂದು ಚಿಟ್. ಮತ್ತೆ ಏನೂ ಇಲ್ಲ. ಕನ್ನಡ ಅಂಕಿಯ ಚಿತ್ರಗಳಲ್ಲಿ ನಾವು ಈ ಮೌನವನ್ನು ಬಲವಂತವಾಗಿ ತುರುಕಿದ್ದೆವು. ಇಡೀ ಚಿತ್ರ ಒಂದೇ ಸಲ ಕೈಯಲ್ಲಿದೆ, ಅದನ್ನು ಹತ್ತು ಹೆಜ್ಜೆ ಮಾಡಿ ಸ್ಪೈಕಿಗೆ ಒಡೆದದ್ದು ನಾವು. ಚೀಲದಲ್ಲಿ ಮೌನ ತಾನಾಗಿಯೇ ಇದೆ.

ವಾಪಸ್ ಬಂದು ವಿದ್ಯಾರ್ಥಿನಿಗೆ ಹೇಳಿದೆ. ಬಜರ್‌ನಲ್ಲಿ ಹಾಕುವ, ನಡುಕವನ್ನು ಕರೆಂಟ್ ಮಾಡುವ ಪೀಜೋ ಬಿಲ್ಲೆ ತಂದೆವು, ಕೆಲವೇ ರೂಪಾಯಿಯದು. ಅದಕ್ಕೊಂದು ಆಂಪ್ಲಿಫಯರ್, ಅದರ ಹಿಂದೆ ಮೈಕ್ರೋ ಆಂಪ್ ಲೆಕ್ಕದಲ್ಲಿ ಕರೆಂಟ್ ಎಳೆಯುವ ಒಂದು ಕಂಪ್ಯಾರೇಟರ್. ಸದ್ದು ಒಂದು ಮಟ್ಟ ದಾಟಿದರೆ ಮಾತ್ರ ಮೈಕ್ರೋಕಂಟ್ರೋಲರನ್ನು ಎಬ್ಬಿಸುತ್ತದೆ. ಎದ್ದದ್ದು ಅದು ಯಾವ ಥರದ ಚಿಟ್ ಅಂತ ನೋಡಿ, ಎಣಿಸಿ, ಮತ್ತೆ ಮಲಗುತ್ತದೆ. ಎಂಥ ಸದ್ದು ಅಂತ ವಿಂಗಡಿಸಲು ಒಳಗೆ ಒಂದು ಪುಟ್ಟ ಸ್ಪೈಕಿಂಗ್ ನೆಟ್‌ವರ್ಕ್.

ಇಲ್ಲಿ ಒಂದು ಮಾತು ಹೇಳದೆ ಬಿಟ್ಟರೆ ಮತ್ತೆ ಹತ್ತು ಪಟ್ಟಿನ ಕಥೆಯಾಗುತ್ತದೆ. ಈ ಡಬ್ಬಿಯ ಉಳಿತಾಯದಲ್ಲಿ ದೊಡ್ಡ ಪಾಲು ನಿದ್ದೆಯದು. ಕಂಪ್ಯಾರೇಟರ್ ಮತ್ತು ಮಲಗುವ ಪ್ರೊಸೆಸರ್ ಇಷ್ಟೇ ಇದ್ದರೂ ಬ್ಯಾಟರಿ ಹೆಚ್ಚೂಕಡಿಮೆ ಅಷ್ಟೇ ದಿನ ಬರುತ್ತದೆ. ಸ್ಪೈಕಿಂಗ್ ನೆಟ್‌ವರ್ಕ್ ತೆಗೆದು 8 ಬಿಟ್ಟಿನ ಸಣ್ಣ ಸಾಮಾನ್ಯ ನೆಟ್‌ವರ್ಕ್ ಹಾಕಿಯೂ ನೋಡಿದೆವು. ಬ್ಯಾಟರಿ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಅದನ್ನೂ ಬರೆದೆವು. ಮಹೋವಾಲ್ಡ್ ಅವರ ಅಕ್ಷಿಪಟಲದಿಂದ ಹಿಡಿದು ಕಂಡದ್ದು ಬದಲಾದಾಗ ಮಾತ್ರ ಸುದ್ದಿ ಕಳಿಸುವ ಇವತ್ತಿನ ಇವೆಂಟ್ ಕ್ಯಾಮೆರಾದ ತನಕ ಈ ಕ್ಷೇತ್ರದಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಸೆನ್ಸರಿನಲ್ಲೇ ಸುಮ್ಮನಿರುವುದನ್ನು ಕಲಿಸಿದ್ದು ಅಂತ ನನ್ನ ಈಗಿನ ಅಭಿಪ್ರಾಯ. ಬೆಂಗಳೂರಿನ ಗೆಳೆಯರು ಒಪ್ಪುವುದಿಲ್ಲ. ಅಲ್ಲಿನ ಐಐಎಸ್‌ಸಿಯಲ್ಲಿ 2024ರಲ್ಲಿ 16,520 ಮಟ್ಟಗಳನ್ನು ನೆನಪಿಡುವ ಮಾಲಿಕ್ಯುಲರ್ ಫಿಲ್ಮ್ ಮಾಡಿ, ಲೆಕ್ಕ ಮತ್ತು ನೆನಪು ಒಂದೇ ಜಾಗದಲ್ಲಿ ಇರಿಸಬಹುದು ಅಂತ ತೋರಿಸಿದ್ದಾರೆ. ಟೆಂಪೋ ನಿಲ್ಲುವುದು ಅಂಥ ಕೆಲಸದಿಂದಲೇ. ಆದರೆ ಅದು ಕ್ಲೀನ್‌ರೂಮ್, ಅಂದರೆ ಚಿಪ್ ಮಾಡುವ ಧೂಳಿಲ್ಲದ ಕೋಣೆ, ಇರುವವರ ದಾರಿ. ನಮ್ಮ ಲ್ಯಾಬಿನ ಕಿಟಕಿಗೆ ಗಾಜೇ ಇಲ್ಲ.

ಮೊದಲು ಕಪನೂರಿನ ಒಂದು ಮಿಲ್ಲಿನ ಗೋದಾಮಿನಲ್ಲಿ ಇಟ್ಟೆವು. ಹಗಲೆಲ್ಲ ಮಿಲ್ ಓಡುತ್ತದೆ, ಗೋಡೆಯೇ ನಡುಗುತ್ತದೆ. ಡಬ್ಬಿ ಒಂದು ಕ್ಷಣ ಮಲಗಲಿಲ್ಲ, ಬ್ಯಾಟರಿ ಎರಡೇ ದಿನಕ್ಕೆ ಮುಗಿಯಿತು. ರಾತ್ರಿ ಮಾತ್ರ ಕೇಳುವ ಹಾಗೆ ಬದಲಿಸಿದೆವು. ಮರುದಿನ ಬೆಳಿಗ್ಗೆ ಅವಳ ಫೋನ್. “ಸರ್, ಎರಡ್ ಗಂಟಿ ಮ್ಯಾಲ ಬಹಳ ಬಂದಾವ್ರಿ! ನಾನೂರ್ ಚಿಲ್ಲರ್ ಸ್ಪೈಕ್!” ಇಬ್ಬರೂ ಸ್ಕೂಟಿ ಮೇಲೆ ಓಡಿದೆವು. ಗೋದಾಮಿನ ವಾಚ್‌ಮನ್ ಕಾಕಾ ಚೀಲದ ಮೂಲೆ ತೋರಿಸಿದರು. ಇಲಿ. ಚೀಲ ಕೊರೆದು ವೈರನ್ನೂ ಅರ್ಧ ಕಡಿದಿತ್ತು.

ಆಮೇಲೆ ದೊಡ್ಡದು ಬೇಡ ಅಂತ ಲ್ಯಾಬಿಗೇ ಬಂದೆವು. ಅವ್ವನ ಎರಡು ಸ್ಟೀಲ್ ಡಬ್ಬಿ ತಂದೆ. ಒಂದರಲ್ಲಿ ಬಿಸಿಲಿಗೆ ಒಣಗಿಸಿದ ಚೊಕ್ಕ ತೊಗರಿ, ಇನ್ನೊಂದರಲ್ಲಿ ಅದೇ ನುಸಿ ಹತ್ತಿದ ಚೀಲದ್ದು. ಎರಡಕ್ಕೂ ಒಂದೊಂದು ಬಿಲ್ಲೆ ಅಂಟಿಸಿ, ಕೆಳಗೆ ಥರ್ಮಾಕೋಲ್ ಇಟ್ಟು, ಫ್ಯಾನ್ ಬಂದ್ ಮಾಡಿ ರಾತ್ರಿಯಿಡೀ ಬಿಟ್ಟೆವು. ಚೊಕ್ಕ ಡಬ್ಬಿಯಿಂದ ಬೆಳಗಿನ ತನಕ ಎಣಿಸಿ ಐದಾರು ಬಂದವು. ಇನ್ನೊಂದರ ಗೆರೆಯಲ್ಲಿ ಚಿಟ್‌ಗಳು ಗುಂಪು ಗುಂಪಾಗಿ ಬಂದಿದ್ದವು, ನಡುವೆ ಉದ್ದುದ್ದ ಖಾಲಿ ಜಾಗ. ಅವಳು ಆ ಗೆರೆಯ ಪ್ರಿಂಟ್ ತೆಗೆದು ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಅದರ ಮೇಲೆ ಒಂದು ಸಣ್ಣ ಸಮ್ಮೇಳನಕ್ಕೆ ಆರು ಪುಟ ಬರೆದೆವು, ತಗೊಂಡರು. ಹತ್ತು ಪಟ್ಟಿನ ಲೆಕ್ಕ ಹೇಗೆ ಮುರಿಯಿತು ಅನ್ನುವುದು ಅವಳ ಥೀಸಿಸ್ಸಿನ ಮೂರನೆಯ ಅಧ್ಯಾಯ.

ನನ್ನ ಫೈಲು ಮುಂದಿನ ವರ್ಷಕ್ಕೆ ಹೋಯಿತು. ಗೋಡೆಯ ಬ್ಯಾನರ್ ತೆಗೆಸಿ ಅಂತ ಎರಡು ಸಲ ಹೇಳಿದ್ದೇನೆ. ಇನ್ನೂ ಅಲ್ಲೇ ಇದೆ, ಬಿಸಿಲಿಗೆ ‘ಪಟ್ಟು’ ಮಾಸಿ ‘ಹತ್ತು’ ಮಾತ್ರ ಕಾಣುತ್ತದೆ.

ನಿನ್ನೆ ರಾತ್ರಿ ಅವ್ವ ಫೋನ್ ಮಾಡಿದ್ದಳು. ಅಪ್ಪ ಈಗ ಎಡಗೈಯಲ್ಲಿ ತುತ್ತು ಎತ್ತುತ್ತಾನೆ ಅಂದಳು. ಮಳೆ ಯಾವಾಗ ಅಂತ ಕೇಳಿದೆ. ಅದಕ್ಕೆ ಉತ್ತರ ಕೊಡದೆ, “ನನ್ನ ಡಬ್ಬಿ ಯಾವಾಗ ತರ‍್ತಿ? ಸಕ್ರಿ ಹಾಕ್ಲಿಕ್ಕ ಒಂದೂ ಇಲ್ಲ,” ಅಂದಳು.